ಮುಕ್ತ ವ್ಯಾಪಾರ: ಯಾರಿಗೆ ಮುಕ್ತಿ?

ಕೆಲವು ಶಬ್ದಗಳು ಕಿವಿಗೆ ಬಿದ್ದೊಡನೆಯೇ ಮನಸ್ಸನ್ನು ಗೆದ್ದುಬಿಡುತ್ತವೆ. ‘ಮುಕ್ತ’ ಎಂಬುದು ಅಂಥ ಶಬ್ದಗಳಲ್ಲೊಂದು. ಮುಕ್ತ ಎಂದೊಡನೆ ನಮ್ಮವರಿಗೆ ಮುಕ್ತಿಯ ನೆನಪಾಗುತ್ತದೆ. ಸೆರೆಯಿಂದ ಬಿಟ್ಟುಬಂದವನ ನೆನಪಾಗುತ್ತದೆ. ಹಗ್ಗ ಕಳಚಿದ ಕರುವಿನ ನೆನಪಾಗುತ್ತದೆ. ಇಂಥ ಶಬ್ದವನ್ನು ವ್ಯಾಪಾರದ ಹಣೆಗೆ ತಿಲಕದಂತೆ ಹಚ್ಚಿ ‘ಮುಕ್ತ ವ್ಯಾಪಾರ’ ಎಂದು ಕರೆದ ಮೇಲೆ, ಅದನ್ನು ಪ್ರಶ್ನಿಸುವವನು ವಾದಕ್ಕೆ ಇಳಿಯುವ ಮೊದಲೇ ಸೋತಂತೆ. ಬಿಡುಗಡೆಯನ್ನು ಬೇಡವೆನ್ನುವ ಮೂಢನಾರು ಎಂದು ಕೇಳುವವರು ಎಲ್ಲೆಡೆಯೂ ಸಿದ್ಧರಾಗಿದ್ದಾರೆ. ಮೂಢರೆನ್ನಿಸಿಕೊಂಡರೂ ಚಿಂತೆಯಿಲ್ಲ, ಈ ಶಬ್ದದ ಗಂಟನ್ನು ನಾವು ಬಿಚ್ಚಿ ನೋಡಬೇಕೆಂದಿದ್ದೇವೆ. ಅದರಲ್ಲಿಯೂ, ಒಂದು ದೊಡ್ಡ ದೇಶವೂ ಒಂದು ಸಣ್ಣ ದ್ವೀಪರಾಷ್ಟ್ರವೂ ಕೂಡಿ ಮುಕ್ತ ವ್ಯಾಪಾರದ ಒಡಂಬಡಿಕೆಗೆ ರುಜು ಹಾಕಿದಾಗ ಯಾರು ಯಾವುದರಿಂದ ಮುಕ್ತರಾಗುತ್ತಾರೆ ಎಂಬುದೇ ನಮ್ಮ ಪ್ರಶ್ನೆ.

ಹಿಂದೂಪುರ, ಕಲ್ಯಾಣದುರ್ಗಗಳಲ್ಲಿ ಕುಳಿತವರಿಗೆ ಸಮುದ್ರದ ನಡುವಣ ದ್ವೀಪಗಳ ಚಿಂತೆಯೇಕೆ ಎಂದು ವಾಚಕರು ಕೇಳಬಹುದು. ನಮ್ಮದು ಕೆರೆ ತುಂಬಿದ ವರ್ಷವನ್ನು ಹಬ್ಬದಂತೆ ನೆನೆಯುವ ಸೀಮೆ. ಕಡಲು ನಮಗೆ ಪಾಠಪುಸ್ತಕದ ಚಿತ್ರ. ಆದರೂ ಯಾವುದೋ ಬಂದರಿನ ಸುಂಕದ ಕಟ್ಟೆಯಲ್ಲಿ ಬದಲಾದ ಒಂದು ಅಂಕಿ ನಮ್ಮ ಗೂಡಿನ ಮಾರುಕಟ್ಟೆಯನ್ನೂ ಕಡಲೆಕಾಯಿಯ ಹೊಲವನ್ನೂ ಬಂದು ಮುಟ್ಟುವುದನ್ನು ನಾವು ಕಂಡಿದ್ದೇವೆ. ದೊಡ್ಡವರೆದುರು ಸಣ್ಣವರಾಗಿ ನಿಂತ ಅನುಭವ ನಮಗುಂಟು. ಸಣ್ಣವರೆದುರು ದೊಡ್ಡ ದೇಶದ ಪ್ರಜೆಗಳಾಗಿ ನಿಲ್ಲುವ ಹೊಣೆಯೂ ನಮಗುಂಟು. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದವನಿಗೆ ನಮ್ಮ ಸಿದ್ಧಾಂತ ತಾನಾಗಿ ತೋರುತ್ತದೆ. ಅಸಮಾನರ ನಡುವೆ ಸಮಾನ ನಿಯಮವೆಂಬುದು ನ್ಯಾಯವಾಗದು. ದೊಡ್ಡವನು ಮೊದಲು ಬಾಗಿಲು ತೆರೆಯಬೇಕು, ಹೆಚ್ಚು ತೆರೆಯಬೇಕು. ಸಣ್ಣವನು ತಡವಾಗಿ ತೆರೆಯಲಿ, ಕಡಮೆ ತೆರೆಯಲಿ. ಇದನ್ನು ನಾವು ಪರರಿಂದ ಬೇಡುವುದಾದರೆ ನೆರೆಯವರಿಗೆ ಕೊಡಲೂ ಬೇಕು.

ವಿದ್ಯಾರ್ಥಿಗಳಿಗಾಗಿ ಇಲ್ಲಿ ಎರಡು ಮಾತು ಹೇಳುವುದು ಅವಶ್ಯ. ಹೊರದೇಶದ ಸರಕು ಬಂದರಿನಲ್ಲಿ ಇಳಿದಾಗ ಸರಕಾರವು ಅದರ ಬೆಲೆಯ ಮೇಲೆ ನೂರಕ್ಕೆ ಇಷ್ಟು ಎಂದು ಸುಂಕವನ್ನು ವಸೂಲು ಮಾಡುತ್ತದೆ. ಸುಂಕಕ್ಕೆ ಎರಡು ಕೆಲಸ: ಬೊಕ್ಕಸಕ್ಕೆ ಹಣ ತರುವುದು ಒಂದು, ಒಳನಾಡಿನ ಉತ್ಪಾದಕನಿಗೆ ಬೇಲಿಯಾಗುವುದು ಇನ್ನೊಂದು. ಎರಡು ದೇಶಗಳು ಪರಸ್ಪರ ಈ ಸುಂಕವನ್ನು ವರ್ಷದಿಂದ ವರ್ಷಕ್ಕೆ ಇಳಿಸುತ್ತ ಕಡೆಗೆ ಸೊನ್ನೆಗೆ ತರುವೆವೆಂದು ಬರೆದುಕೊಟ್ಟರೆ ಅದು ಮುಕ್ತ ವ್ಯಾಪಾರದ ಒಡಂಬಡಿಕೆ. ಯಾವ ಪದಾರ್ಥಗಳಿಗೆ ಸುಂಕ ಇಳಿಸುವುದಿಲ್ಲ ಎಂಬ ಪಟ್ಟಿ, ಎಷ್ಟು ವರ್ಷಗಳಲ್ಲಿ ಇಳಿಸುವುದು ಎಂಬ ಅವಧಿ, ಯಾವುದನ್ನು ಆ ದೇಶದ ಸರಕೆಂದು ಒಪ್ಪುವುದು ಎಂಬ ಮೂಲದ ನಿಯಮ, ಈ ಮೂರರಲ್ಲಿ ಒಡಂಬಡಿಕೆಯ ಜೀವ ಅಡಗಿದೆ. ಪೀಠಿಕೆಯಲ್ಲಿ ಸ್ನೇಹ, ಸಹಕಾರ, ಸಮೃದ್ಧಿ ಎಂಬ ಮಾತುಗಳು ಎಲ್ಲ ಒಡಂಬಡಿಕೆಗಳಲ್ಲಿಯೂ ಇರುತ್ತವೆ. ಅವುಗಳಿಗೆ ಮರುಳಾಗಬೇಕಾದ್ದಿಲ್ಲ, ಪಟ್ಟಿ, ಅವಧಿ, ಮೂಲ, ಇವನ್ನು ಓದಬೇಕು.

ಮೊದಲು ನಮ್ಮ ಮನೆಯಂಗಳದ ಮಾತು. ಹಿಂದೂಪುರದ ಸುತ್ತಣ ಹಳ್ಳಿಗಳಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವ ಒಕ್ಕಲುಗಳು ಅನೇಕ. ಸೊಪ್ಪು ಕೊಯ್ದು, ಹೊತ್ತಿಗೆ ಹೊತ್ತಿಗೆ ಹುಳುವಿಗೆ ಉಣಿಸಿ, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ ಮಾರುಕಟ್ಟೆಗೆ ತರುವಷ್ಟರಲ್ಲಿ ಮನೆಮಂದಿಯೆಲ್ಲ ಹೆಚ್ಚುಕಡಮೆ ಒಂದು ತಿಂಗಳ ನಿದ್ದೆಯನ್ನು ಕಳೆದುಕೊಂಡಿರುತ್ತಾರೆ. ಗೂಡು ಮನೆಯಲ್ಲಿ ಕೂಡಿಟ್ಟು ಒಳ್ಳೆಯ ಬೆಲೆಗಾಗಿ ಕಾಯುವ ಪದಾರ್ಥವಲ್ಲ; ಒಳಗಿನ ಹುಳು ಚಿಟ್ಟೆಯಾಗಿ ಹೊರಬಿದ್ದರೆ ನೂಲು ಕೆಟ್ಟಿತು. ಆದುದರಿಂದ ಅಂದಿನ ಬೆಲೆಗೆ ಅಂದೇ ಮಾರಬೇಕು. ಇಂಥವನ ಎದುರಾಳಿಯಾಗಿ ನಿಂತದ್ದು ಜಗತ್ತಿನ ರೇಷ್ಮೆಯ ಬಹುಪಾಲನ್ನು ಉತ್ಪಾದಿಸುವ ಚೀನ. ಅಲ್ಲಿಯ ಕಚ್ಚಾ ರೇಷ್ಮೆ ಅತಿ ಅಗ್ಗವಾಗಿ ಬಂದು ಬೀಳತೊಡಗಿದಾಗ ಭಾರತ ಸರಕಾರ 2003ರಲ್ಲಿ ಅದನ್ನು ತಡೆಯಲು ವಿಶೇಷ ಸುಂಕ ಹಾಕಿತು. ಆದರೆ 2011ರ ಮುಂಗಡ ಪತ್ರದಲ್ಲಿ ಅದೇ ಸರಕಾರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ನೂರಕ್ಕೆ 30ರಿಂದ 5ಕ್ಕೆ ಇಳಿಸಿತು. ಗೂಡಿನ ಬೆಲೆ ಕುಸಿಯಿತು. ರಾಮನಗರ, ಶಿಡ್ಲಘಟ್ಟಗಳ ರೈತರು ಬೀದಿಗಿಳಿದರು. 2013ರಲ್ಲಿ ಸುಂಕ ಮತ್ತೆ 15ಕ್ಕೆ ಏರಿತು. ದೆಹಲಿಗೆ ಇದು ಕಾಗದದ ಮೇಲಿನ ಒಂದು ತಿದ್ದುಪಡಿ. ಹಿಪ್ಪುನೇರಳೆಯನ್ನು ಕಿತ್ತುಹಾಕಿದ ಒಕ್ಕಲಿಗೆ ಮತ್ತೆ ಕಡ್ಡಿ ನೆಟ್ಟು ಸೊಪ್ಪು ಕಾಣುವುದಕ್ಕೆ ಬೇಕಾದ ಕಾಲವನ್ನಾಗಲಿ ಸಾಲವನ್ನಾಗಲಿ ಯಾವ ತಿದ್ದುಪಡಿಯೂ ಕೊಡಲಿಲ್ಲ.

ಕಲ್ಯಾಣದುರ್ಗದ ಕೆಂಪು ಮಣ್ಣಿನಲ್ಲಿ ಮಳೆಯನ್ನೇ ನಂಬಿ ಕಡಲೆಕಾಯಿ ಬಿತ್ತುವವನ ಕಥೆಯೂ ಬೇರೆಯಲ್ಲ. ಅನಂತಪುರ ಜಿಲ್ಲೆ ದೇಶದಲ್ಲಿ ಅತಿ ಕಡಮೆ ಮಳೆ ಬೀಳುವ ಸೀಮೆಗಳಲ್ಲೊಂದು. ಕಡಲೆಕಾಯಿಯ ಬಿತ್ತನೆಯಲ್ಲಿ ಮಾತ್ರ ದೀರ್ಘಕಾಲ ದೇಶದ ಮುಂಚೂಣಿಯಲ್ಲಿದ್ದ ಜಿಲ್ಲೆ. 1986ರಲ್ಲಿ ಕೇಂದ್ರ ಸರಕಾರ ಎಣ್ಣೆಕಾಳುಗಳಿಗಾಗಿ ವಿಶೇಷ ಯೋಜನೆಯನ್ನು ಕೈಗೊಂಡಿತು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ದೇಶವು ತನಗೆ ಬೇಕಾದ ಅಡುಗೆ ಎಣ್ಣೆಯನ್ನು ಬಹುಮಟ್ಟಿಗೆ ತಾನೇ ಬೆಳೆದುಕೊಳ್ಳುತ್ತಿತ್ತು. 1994ರಲ್ಲಿ ತಾಳೆ ಎಣ್ಣೆಯ ಆಮದನ್ನು ನೂರಕ್ಕೆ 65ರ ಸುಂಕದೊಡನೆ ಖಾಸಗಿ ವ್ಯಾಪಾರಿಗಳಿಗೆ ತೆರೆಯಲಾಯಿತು. 1998ರ ಹೊತ್ತಿಗೆ ಆ ಸುಂಕ 15ಕ್ಕೆ ಇಳಿದಿತ್ತು. ನಡುವೆ ಏರಿ, 2008ರಲ್ಲಿ ಸಂಸ್ಕರಿಸದ ಎಣ್ಣೆಯ ಮೇಲಿನ ಸುಂಕ ಸೊನ್ನೆಯೇ ಆಯಿತು. 2009ರ ಆಗಸ್ಟ್ 13ರಂದು ಆಗ್ನೇಯ ಏಷ್ಯದ ಆಸಿಯಾನ್ ರಾಷ್ಟ್ರಗಳೊಡನೆ ರುಜುವಾದ ಒಡಂಬಡಿಕೆಯಲ್ಲಿ ತಾಳೆ ಎಣ್ಣೆಯ ಸುಂಕವನ್ನು ಹಂತ ಹಂತವಾಗಿ ಇಳಿಸುವ ವಾಗ್ದಾನವೂ ಸೇರಿತು. ಇಂದು ನಮ್ಮ ದೇಶದ ಬಾಣಲೆಗಳಲ್ಲಿ ಕಾಯುವ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಭಾಗ ಹೊರಗಿನದು. ಮಳೆ ಮಾಡಿದ ಪಾಪವನ್ನೆಲ್ಲ ಸುಂಕದ ತಲೆಗೆ ಕಟ್ಟುವುದು ನಮ್ಮ ಉದ್ದೇಶವಲ್ಲ. ಬರಗಾಲಕ್ಕೆ ಬರಗಾಲದ ಲೆಕ್ಕ ಬೇರೆಯುಂಟು. ಆದರೆ ಮಳೆ ಬಂದ ವರ್ಷವೂ ಬೆಲೆ ಬಾರದೆ ಹೋದಾಗ ಕಾರಣವನ್ನು ಆಕಾಶದಲ್ಲಿ ಹುಡುಕಿ ಪ್ರಯೋಜನವಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ತಾಳೆ ಎಣ್ಣೆಯನ್ನು ಕಳುಹಿಸುವ ಇಂಡೊನೇಷ್ಯ ದ್ವೀಪಗಳಿಂದಲೇ ಕೂಡಿದ ದೇಶ. ಆದರೂ ಆ ಎಣ್ಣೆಯ ವ್ಯಾಪಾರದಲ್ಲಿ ಅದು ದೈತ್ಯ, ನಮ್ಮ ಕಡಲೆಕಾಯಿಯ ರೈತ ಇರುವೆ. ಯಾರು ದೊಡ್ಡವರು, ಯಾರು ಸಣ್ಣವರು ಎಂಬುದನ್ನು ಭೂಪಟವೊಂದೇ ಹೇಳಲಾರದು. ಆಯಾ ಪದಾರ್ಥದ ಮುಂದೆ ಆಯಾ ಕೈಯ ಬಲವನ್ನು ಅಳೆದು ನೋಡಬೇಕು. ಹಿಂದೂಪುರದ ಬೆಲ್ಲದ ಮಂಡಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದ್ದಿಲ್ಲ. ಒಂದು ಗಾಡಿ ಬೆಲ್ಲ ತಂದವನೂ ನೂರು ಗಾಡಿ ಕೊಳ್ಳುವವನೂ ಒಂದೇ ತಕ್ಕಡಿಯ ಮುಂದೆ ನಿಲ್ಲುತ್ತಾರೆ, ತೂಕದ ಕಲ್ಲೂ ಒಂದೇ. ಆದರೆ ಸಂಜೆಯೊಳಗೆ ಮಾರಲೇಬೇಕಾದ ಅವಸರ ಒಬ್ಬನದು ಮಾತ್ರ.

ಈ ಅನುಭವದ ಬೆಳಕಿನಲ್ಲಿ ಈಗ ಸಣ್ಣ ದ್ವೀಪಗಳ ಕಡೆ ತಿರುಗೋಣ. ಪೆಸಿಫಿಕ್ ಸಾಗರದಲ್ಲಿ ಟುವಾಲು ಎಂಬ ರಾಷ್ಟ್ರವಿದೆ. ಅಲ್ಲಿಯ ಒಟ್ಟು ಜನ ಹನ್ನೊಂದು ಸಾವಿರದ ಆಸುಪಾಸು. ಹಿಂದೂಪುರ ಪಟ್ಟಣವೊಂದರಲ್ಲಿಯೇ 2011ರ ಜನಗಣತಿಯಂತೆ ಒಂದೂವರೆ ಲಕ್ಷ ಜನರಿದ್ದರು. ಈ ಟುವಾಲು, ಕಿರಿಬಾಸ್, ಟೋಂಗಾ, ಸಮೋವ ಮೊದಲಾದ ದ್ವೀಪರಾಷ್ಟ್ರಗಳು ಆಸ್ಟ್ರೇಲಿಯ, ನ್ಯೂಜಿಲೆಂಡುಗಳೊಡನೆ 2017ರ ಜೂನ್ 14ರಂದು ಟೋಂಗಾದ ರಾಜಧಾನಿಯಲ್ಲಿ ‘ಪೇಸರ್ ಪ್ಲಸ್’ ಎಂಬ ಒಡಂಬಡಿಕೆಗೆ ರುಜು ಹಾಕಿದವು. 2020ರ ಡಿಸೆಂಬರಿನಲ್ಲಿ ಅದು ಜಾರಿಗೆ ಬಂದಿತು. ದ್ವೀಪಗಳಿಗೆ ಇದರಿಂದ ಹೊಸದಾಗಿ ತೆರೆದ ಬಾಗಿಲು ಯಾವುದು? ಅವುಗಳ ಸರಕಿಗೆ ಆ ಎರಡು ದೊಡ್ಡ ದೇಶಗಳ ಮಾರುಕಟ್ಟೆ 1981ರಿಂದಲೇ ಬಹುಮಟ್ಟಿಗೆ ಸುಂಕವಿಲ್ಲದೆ ತೆರೆದಿತ್ತು. ಹೊಸದಾಗಿ ಸುಂಕ ಬಿಡಬೇಕಾದವರು ದ್ವೀಪದವರೇ. ಆದಾಯ ತೆರಿಗೆ ಕೊಡುವಷ್ಟು ಸಂಬಳದವರು ಕಡಮೆಯಿರುವ ಅಂಥ ನಾಡುಗಳಲ್ಲಿ ಶಾಲೆಯ ಮೇಷ್ಟರ ಸಂಬಳವೂ ಆಸ್ಪತ್ರೆಯ ಔಷಧವೂ ಬಂದರಿನ ಸುಂಕವನ್ನು ಬಹುವಾಗಿ ನೆಚ್ಚಿಕೊಂಡಿವೆ. ಆ ಭಾಗದ ದ್ವೀಪರಾಷ್ಟ್ರಗಳಲ್ಲೆಲ್ಲ ದೊಡ್ಡವಾದ ಪಪುವಾ ನ್ಯೂಗಿನಿ ಮತ್ತು ಫಿಜಿಗಳು ಈ ಒಡಂಬಡಿಕೆಯಿಂದ ಹೊರಗೆ ಉಳಿದವು. ಬೇಡವೆನ್ನುವ ಶಕ್ತಿಯಿದ್ದವರು ಬೇಡವೆಂದರು ಎಂಬುದೇ ಇದರ ತಾತ್ಪರ್ಯ.

ಸಮೋವದ ಇನ್ನೊಂದು ಪ್ರಸಂಗವು ಒಡಂಬಡಿಕೆಯದಲ್ಲ, ವಿಶ್ವ ವ್ಯಾಪಾರ ಸಂಸ್ಥೆಯದು. ಆದರೂ ನೀತಿ ಒಂದೇ. ಹೊರದೇಶದಿಂದ ಬಂದು ಬೀಳುತ್ತಿದ್ದ, ಕೊಬ್ಬೇ ತುಂಬಿದ ಟರ್ಕಿ ಕೋಳಿಯ ಬಾಲದ ಮಾಂಸವು ಜನರ ಆರೋಗ್ಯವನ್ನು ಕೆಡಿಸುತ್ತಿದೆಯೆಂದು ಆ ಸರಕಾರ 2007ರಲ್ಲಿ ಅದರ ಆಮದನ್ನು ನಿಷೇಧಿಸಿತು. 2012ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯನ್ನು ಸೇರುವಾಗ ಆ ನಿಷೇಧವನ್ನು ತೆಗೆಯಲು ಒಪ್ಪಬೇಕಾಯಿತು. ತನ್ನ ಮಕ್ಕಳು ಏನನ್ನು ತಿನ್ನಬಾರದೆಂದು ಹೇಳುವ ಅಧಿಕಾರವನ್ನೂ ಒಂದು ರಾಷ್ಟ್ರ ಮಾರುಕಟ್ಟೆಯ ಹೊಸ್ತಿಲಲ್ಲಿ ಬಿಟ್ಟು ಬರಬೇಕಾಯಿತು. ಕೆರಿಬಿಯನ್ ಸಮುದ್ರದ ಸೇಂಟ್ ಲೂಸಿಯ, ಡೊಮಿನಿಕ ಮೊದಲಾದ ದ್ವೀಪಗಳ ಬಾಳೆ ಬೆಳೆಗಾರರ ಪಾಡು ಇನ್ನೂ ವಿಚಿತ್ರ. ಗುಡ್ಡದ ಇಳಿಜಾರುಗಳಲ್ಲಿ ತುಂಡು ತೋಟ ಮಾಡಿಕೊಂಡಿದ್ದ ಅವರಿಗೆ ಯೂರೋಪು ತನ್ನ ಮಾರುಕಟ್ಟೆಯಲ್ಲಿ ವಿಶೇಷ ಅವಕಾಶ ಕೊಟ್ಟಿತ್ತು. 1996ರಲ್ಲಿ ಇದನ್ನು ಅನ್ಯಾಯವೆಂದು ದೂರಿದವರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವೂ ಒಂದು. ಆ ದೇಶ ಯೂರೋಪಿಗೆ ಬಾಳೆಯ ಹಣ್ಣನ್ನು ಬೆಳೆದು ಕಳುಹಿಸುತ್ತಿರಲಿಲ್ಲ. ಲ್ಯಾಟಿನ್ ಅಮೆರಿಕದಲ್ಲಿ ವಿಶಾಲ ತೋಟಗಳ ಹಣ್ಣನ್ನು ವ್ಯಾಪಾರ ಮಾಡುವ ಕಂಪನಿಗಳು ಆ ದೇಶದವಾಗಿದ್ದವು. 1997ರಲ್ಲಿ ತೀರ್ಪು ಅವರ ಪರವಾಯಿತು. ಮುಂದಿನ ವರ್ಷಗಳಲ್ಲಿ ದ್ವೀಪಗಳ ಸಾವಿರಾರು ಸಣ್ಣ ಬೆಳೆಗಾರರು ಬಾಳೆಯನ್ನು ಬಿಟ್ಟರು. ನಿಯಮ ಎಲ್ಲರಿಗೂ ಒಂದೇ ಆಗಿತ್ತು. ಆದರೆ ದೊಡ್ಡ ಮೀನಿಗೂ ಸಣ್ಣ ಮೀನಿಗೂ ಒಂದೇ ನಿಯಮವಿರುವ ಲೋಕಕ್ಕೆ ನಮ್ಮ ಹಿರಿಯರು ಮಾತ್ಸ್ಯನ್ಯಾಯವೆಂಬ ಹೆಸರನ್ನು ಎಂದೋ ಇಟ್ಟಿದ್ದಾರೆ.

ದೂರದ ಸಾಗರಗಳನ್ನು ಬಿಟ್ಟು ಹತ್ತಿರಕ್ಕೆ ಬರೋಣ. ಐದು ಲಕ್ಷದಷ್ಟು ಜನರ ಮಾಲ್ಡೀವ್ಸ್ ದೇಶವು 2017ರ ಡಿಸೆಂಬರಿನ ಮೊದಲ ವಾರದಲ್ಲಿ ಚೀನದೊಡನೆ ಮುಕ್ತ ವ್ಯಾಪಾರದ ಒಡಂಬಡಿಕೆಗೆ ರುಜು ಹಾಕಿತು. ಸಾವಿರ ಪುಟಗಳ ಆ ಬರಹಕ್ಕೆ ಅಲ್ಲಿಯ ಶಾಸನಸಭೆ ಒಂದು ಗಂಟೆಯೂ ತೆಗೆದುಕೊಳ್ಳದೆ ಒಪ್ಪಿಗೆ ಕೊಟ್ಟಿತೆಂದು ವಿರೋಧಪಕ್ಷದವರು ಕೂಗೆಬ್ಬಿಸಿದರು. ಸರಕಾರ ಬದಲಾದ ಮೇಲೆ ಒಡಂಬಡಿಕೆ ಮೂಲೆಗೆ ಬಿದ್ದಿತು. ಮತ್ತೆ ಸರಕಾರ ಬದಲಾಗಿ 2025ರ ಜನವರಿ 1ರಂದು ಜಾರಿಗೆ ಬಂದಿತು. ಓದದೆ ಹಾಕಿದ ರುಜುವಿಗೆ ಗ್ರಾಮದ ಸಾಹುಕಾರನ ಸಾಲದ ಪತ್ರವೆಂದರೆ ಸಾಕು, ನಮ್ಮ ವಾಚಕರಿಗೆ ಅರ್ಥವಾದೀತು.

ಇಲ್ಲಿಯವರೆಗೆ ತಲೆದೂಗಿದ ವಾಚಕರು ಇನ್ನು ಮುಂದೆಯೂ ತಲೆದೂಗುವರೇ ಎಂಬುದು ನಮ್ಮ ಶಂಕೆ. ಏಕೆಂದರೆ ಈಗ ದೊಡ್ಡವರು ಬೇರೆ ಯಾರೂ ಅಲ್ಲ, ನಾವೇ. 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತವು ಚೀನ, ನ್ಯೂಜಿಲೆಂಡ್ ಮೊದಲಾದ ದೇಶಗಳೊಡಗೂಡಿದ ಮಹಾ ಒಡಂಬಡಿಕೆಯನ್ನು ಸೇರುವುದಿಲ್ಲವೆಂದು ತನ್ನ ರೈತರ ಹೆಸರು ಹೇಳಿ ಹಿಂದೆ ಸರಿಯಿತು. ಹಾಲು ಉತ್ಪಾದಕರಿಂದ ಹಿಡಿದು ಸಣ್ಣ ಕೈಗಾರಿಕೆಯವರವರೆಗೆ ಎಲ್ಲರೂ ನಿಟ್ಟುಸಿರುಬಿಟ್ಟರು. ಸರಿಯೇ ಆಯಿತೆಂದು ನಾವೂ ಎನ್ನುತ್ತೇವೆ. ಆದರೆ ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಚೀನದ ಮುಂದೆ ಸೊಸೆಯಾಗಿ ಕಣ್ಣೀರು ಕರೆದವರು ಶ್ರೀಲಂಕೆಯ ಮುಂದೆ ಅತ್ತೆಯಾಗಿ ಹೇಗೆ ನಡೆದುಕೊಂಡಿದ್ದೇವೆ, ಹೇಗೆ ನಡೆದುಕೊಳ್ಳಲಿದ್ದೇವೆ?

ಶ್ರೀಲಂಕೆಯ ಜನ ಎರಡು ಕೋಟಿ ಇಪ್ಪತ್ತು ಲಕ್ಷದಷ್ಟು; ಕರ್ನಾಟಕವೊಂದರ ಅರ್ಧವೂ ಆಗದು. 1998ರ ಡಿಸೆಂಬರ್ 28ರಂದು ಭಾರತದ ಪ್ರಧಾನಿ ವಾಜಪೇಯಿ ಮತ್ತು ಲಂಕೆಯ ಅಧ್ಯಕ್ಷೆ ಚಂದ್ರಿಕಾ ಕುಮಾರತುಂಗ ದೆಹಲಿಯಲ್ಲಿ ಒಡಂಬಡಿಕೆಗೆ ರುಜು ಹಾಕಿದರು; 2000ದ ಮಾರ್ಚ್ 1ರಂದು ಅದು ಜಾರಿಗೆ ಬಂದಿತು. ಪಟ್ಟಿ, ಅವಧಿ ಎಂಬ ಎರಡರಲ್ಲಿ ಅದು ಮೆಚ್ಚತಕ್ಕ ಬರಹ. ಸುಂಕ ಇಳಿಸಲೊಲ್ಲೆವೆಂದು ಭಾರತ ಕಾದಿರಿಸಿಕೊಂಡ ಬಾಬುಗಳು 429. ಲಂಕೆಗೆ ಬಿಟ್ಟುಕೊಟ್ಟ ಬಾಬುಗಳು 1180. ಭಾರತ ಮೂರು ವರ್ಷಗಳಲ್ಲಿ ಸುಂಕ ಇಳಿಸಿ ಮುಗಿಸಬೇಕು. ಲಂಕೆಗೆ ಎಂಟು ವರ್ಷಗಳ ಗಡುವು. ದೊಡ್ಡವನು ಮೊದಲು ತೆರೆಯಲಿ, ಹೆಚ್ಚು ತೆರೆಯಲಿ ಎಂಬ ನಮ್ಮ ಸಿದ್ಧಾಂತ ಇಲ್ಲಿ ಅಂಕಿಗಳಲ್ಲಿಯೇ ಬರೆದಿದೆ. ಫಲವೂ ದೊರೆಯಿತು. ಲಂಕೆಯಿಂದ ನಮಗೆ ಬರುವ ಸರಕು ಕೆಲವೇ ವರ್ಷಗಳಲ್ಲಿ ಹಲವು ಪಟ್ಟು ಬೆಳೆಯಿತು. ಅದರ ಬಹುಪಾಲು ಒಡಂಬಡಿಕೆಯ ರಿಯಾಯಿತಿಯನ್ನು ಪಡೆದೇ ಬಂದಿತು.

ಆದರೆ ಔದಾರ್ಯದ ಕೈಯಲ್ಲಿಯೂ ಒಂದು ಹಗ್ಗವಿತ್ತು. ಲಂಕೆಯ ಕೀರ್ತಿ ಯಾವುದರಲ್ಲಿ? ಚಹದಲ್ಲಿ, ಸಿದ್ಧ ಉಡುಪಿನಲ್ಲಿ. ಆ ಎರಡಕ್ಕೇ ಮಿತಿ ಬಿದ್ದಿತು. ಚಹ ವರ್ಷಕ್ಕೆ ಒಂದೂವರೆ ಕೋಟಿ ಕಿಲೋ ಮೀರಬಾರದು. ಉಡುಪು 80 ಲಕ್ಷ ಮೀರಬಾರದು. ಅದರಲ್ಲಿ 60 ಲಕ್ಷ ಭಾರತದ ಬಟ್ಟೆಯಿಂದಲೇ ಹೊಲಿದಿರಬೇಕು. ಅವೂ ನಿಗದಿಯಾದ ಕೆಲವು ಬಂದರುಗಳಿಂದಲೇ ಒಳಬರಬೇಕು. ಮುಂದೆ ಈ ಕಟ್ಟುಗಳು ಸಡಿಲಾದವು, ನಿಜ. ಆದರೂ ನೆರೆಯವನಿಗೆ ಬಾಗಿಲು ತೆರೆದು, ಅವನು ಹೊತ್ತು ತಂದ ಮುಖ್ಯ ಸರಕನ್ನು ಮಾತ್ರ ಹೊಸ್ತಿಲಾಚೆ ಇಳಿಸು ಎಂದರೆ ಆ ಆತಿಥ್ಯಕ್ಕೆ ಏನೆನ್ನಬೇಕು? ನೀಲಗಿರಿಯ ಸಣ್ಣ ಚಹ ಬೆಳೆಗಾರನ ಹಿತವನ್ನು ಕಾಯಬೇಕೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಆ ಹಿತದ ಹೆಸರಿನಲ್ಲಿ ದೊಡ್ಡ ಗಿರಣಿಗಳ ಬಟ್ಟೆಗೂ ಕಾವಲು ಹಾಕಿದ್ದನ್ನು ಒಪ್ಪಲಾರೆವು.

ಮೂರನೆಯದಾದ ಮೂಲದ ನಿಯಮದಲ್ಲಿ ಇಡೀ ಗೋಡೆಗೆ ಕನ್ನ ಬಿದ್ದಿತು. ಲಂಕೆಯಲ್ಲಿ ನೂರಕ್ಕೆ 35ರಷ್ಟು ಮೌಲ್ಯ ಸೇರಿದರೆ ಅದು ಲಂಕೆಯ ಸರಕು ಎಂಬುದು ನಿಯಮ. ಆಗ ಭಾರತದಲ್ಲಿ ತಾಳೆ ಎಣ್ಣೆಗೆ ಭಾರಿ ಸುಂಕ, ಲಂಕೆಯಲ್ಲಿ ಕಡಮೆ ಸುಂಕ. ಇದನ್ನು ಕಂಡ ಜಾಣ ವ್ಯಾಪಾರಿಗಳು, ಅವರಲ್ಲಿ ನಮ್ಮ ದೇಶದ ಬಂಡವಾಳದವರೂ ಇದ್ದರು, ಲಂಕೆಯಲ್ಲಿ ವನಸ್ಪತಿ ಕಾರ್ಖಾನೆಗಳನ್ನು ತೆರೆದರು. ಮಲೇಷ್ಯ, ಇಂಡೊನೇಷ್ಯಗಳ ತಾಳೆ ಎಣ್ಣೆಯನ್ನು ಅಲ್ಲಿ ಗಟ್ಟಿಗೊಳಿಸಿ ಲಂಕೆಯ ಸರಕೆಂದು ಸುಂಕವಿಲ್ಲದೆ ಭಾರತಕ್ಕೆ ಸಾಗಿಸಿದರು. ತಾಮ್ರದಲ್ಲಿಯೂ ಇದೇ ಆಟ ನಡೆಯಿತು. ಆ ದಶಕದ ನಡುವೆ ಲಂಕೆಯಿಂದ ನಮಗೆ ಬಂದ ರಫ್ತಿನಲ್ಲಿ ಈ ಎರಡು ಪದಾರ್ಥಗಳದೇ ದೊಡ್ಡ ಪಾಲು. ಕಡೆಗೆ ವನಸ್ಪತಿ ಮೊದಲಾದವಕ್ಕೆ ವರ್ಷಕ್ಕೆ ಎರಡೂವರೆ ಲಕ್ಷ ಟನ್ನಿನ ಮಿತಿ ಬಿದ್ದಿತು; ಮುಂದೆ ಭಾರತವೇ ತಾಳೆ ಎಣ್ಣೆಯ ಸುಂಕವನ್ನು ಇಳಿಸಿದಾಗ ಲಾಭ ಕರಗಿ ಆ ಕಾರ್ಖಾನೆಗಳಿಗೆ ಬೀಗ ಬಿದ್ದಿತು. ಇದರಲ್ಲಿ ಲಂಕೆಯ ರೈತನಿಗೆ ದಕ್ಕಿದ್ದೇನು? ಅಲ್ಲಿ ತಾಳೆ ಬೆಳೆದವನಿಲ್ಲ, ಇಲ್ಲಿ ಕಡಲೆಕಾಯಿ ಬೆಳೆದವನಿಗೆ ಉಳಿವಿಲ್ಲ. ದ್ವೀಪದ ಹೆಸರು ಮಾತ್ರ ಬಾಡಿಗೆಗೆ ಹೋಗಿತ್ತು.

ಮೆಣಸಿನ ಕಥೆಯೂ ಹೀಗೆಯೇ. ಲಂಕೆಯಿಂದ ವರ್ಷಕ್ಕೆ 2500 ಟನ್ ಕರಿಮೆಣಸು ಸುಂಕವಿಲ್ಲದೆ ಬರಬಹುದೆಂದು ಗೊತ್ತುಪಡಿಸಲಾಗಿತ್ತು. ಆದರೆ ವಿಯೆಟ್ನಾಮಿನ ಮೆಣಸು ಲಂಕೆಯ ಚೀಟಿ ಹಚ್ಚಿಕೊಂಡು ಬರುತ್ತಿದೆಯೆಂದು ಕೊಡಗು, ಚಿಕ್ಕಮಗಳೂರುಗಳ ಬೆಳೆಗಾರರು ದೂರಿದರು. 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿಗಿಂತ ಕಡಮೆ ಬೆಲೆಯ ಮೆಣಸು ಆಮದಾಗಕೂಡದೆಂದು ಕೇಂದ್ರ ಸರಕಾರ ಆಜ್ಞೆ ಹೊರಡಿಸಿತು. ಬೆಳೆಗಾರರ ದೂರು ನ್ಯಾಯವಾದದ್ದೇ. ಆದರೆ ಅಂದು ಕೆಲವರು ಲಂಕೆಯೊಡನೆ ವ್ಯಾಪಾರವೇ ಬೇಡ ಎಂದು ಕೂಗಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಚೀಟಿ ಬದಲಾಯಿಸಿದ ವ್ಯಾಪಾರಿಯನ್ನು ಹಿಡಿಯುವ ಕಷ್ಟ ಬೇಡವೆಂದು ಮಾತಳೆಯ ಬೆಟ್ಟದಲ್ಲಿ ನಾಲ್ಕು ಬಳ್ಳಿ ಮೆಣಸು ಬೆಳೆದವನನ್ನು ಶಿಕ್ಷಿಸುವುದು ಯಾವ ನ್ಯಾಯ? ಸಣ್ಣವನ ಶತ್ರು ಇನ್ನೊಬ್ಬ ಸಣ್ಣವನೆಂದು ನಂಬಿಸುವುದರಲ್ಲಿ ದೊಡ್ಡ ವ್ಯಾಪಾರಿಯ ಲಾಭವಿದೆ. ನಾವು ನಂಬುವುದರಲ್ಲಿ ನಮ್ಮ ನಷ್ಟವಿದೆ.

ನಮ್ಮ ವಾದಕ್ಕೆ ಎದುರಾಗಿ ಮೂರು ಮಾತುಗಳನ್ನು ಹೇಳುವುದುಂಟು. ಅಗ್ಗದ ಸರಕು ಬಡವನಿಗೆ ವರವಲ್ಲವೆ ಎಂಬುದು ಮೊದಲನೆಯದು. ಇದು ತಳ್ಳಿಹಾಕುವ ಮಾತಲ್ಲ. ಹಿಂದೂಪುರದ ಗೂಡಿಗೆ ಬೆಲೆ ಬೇಕು. ನಮ್ಮ ನೆರೆಯ ಧರ್ಮಾವರದ ನೇಕಾರನಿಗೆ ಅಗ್ಗದ ನೂಲು ಬೇಕು. ಇಬ್ಬರೂ ಬಡವರೇ, ಇಬ್ಬರೂ ನಮ್ಮವರೇ. ಆದರೆ ಒಬ್ಬ ಬಡವನ ನೂಲಿಗೆ ಬೇಕಾದ ಸಹಾಯವನ್ನು ಇನ್ನೊಬ್ಬ ಬಡವನ ಗೂಡಿನಿಂದ ಕಿತ್ತು ಕೊಡಬೇಕೆಂಬ ಶಾಸನವೆಲ್ಲಿದೆ? ಸುಂಕದಿಂದ ಬಂದ ಹಣದಲ್ಲಿ ನೇಕಾರನಿಗೆ ರಿಯಾಯಿತಿ ಕೊಡಬಹುದು. ಸುಂಕವೇ ಹೋದ ಮೇಲೆ ಕೊಡುವುದಕ್ಕೆ ಹಣವೂ ಇಲ್ಲ, ಕಾಯುವುದಕ್ಕೆ ಬೇಲಿಯೂ ಇಲ್ಲ.

ಸಿಂಗಪುರ, ಮಾರಿಷಸ್‌ಗಳು ದ್ವೀಪಗಳಾಗಿದ್ದೂ ವ್ಯಾಪಾರದಿಂದ ಏಳಿಗೆ ಹೊಂದಲಿಲ್ಲವೆ ಎಂಬುದು ಎರಡನೆಯದು. ಸಿಂಗಪುರ ಹಡಗುಗಳ ಹೆದ್ದಾರಿಯಲ್ಲಿ ಕುಳಿತ ಬಂದರು. ಬೇಲಿ ಹಾಕಿ ಕಾಯಬೇಕಾದ ಹೊಲಗಳು ಅಲ್ಲಿ ಇಲ್ಲವೆಂದರೂ ಸಲ್ಲುತ್ತದೆ. ಇನ್ನು ಮಾರಿಷಸ್ ನಮ್ಮ ಪಕ್ಷಕ್ಕೇ ಸಾಕ್ಷಿ. 1975ರ ಲೋಮೆ ಒಡಂಬಡಿಕೆಯ ಮೇರೆಗೆ ಅದರ ಸಕ್ಕರೆಗೆ ಯೂರೋಪು ಗೊತ್ತಾದ ಪರಿಮಾಣಕ್ಕೆ ಖಚಿತವಾದ ಒಳ್ಳೆಯ ಬೆಲೆಯನ್ನು ಕೊಡುತ್ತಿತ್ತು. ಮಾರಿಷಸ್ ತನ್ನ ಒಳಮಾರುಕಟ್ಟೆಯನ್ನು ಕಾದುಕೊಂಡೇ, 1970ರಲ್ಲಿ ಆರಂಭಿಸಿದ ರಫ್ತು ವಲಯದಲ್ಲಿ ಉಡುಪಿನ ಕೈಗಾರಿಕೆಯನ್ನು ಬೆಳೆಸಿತು. ಅಸಮಾನ ನಿಯಮ ಸಣ್ಣವನ ಕಡೆಗೆ ವಾಲಿದ್ದ ಕಾಲದಲ್ಲಿ ಅದು ಎದ್ದು ನಿಂತಿತು. 2009ರಲ್ಲಿ ಯೂರೋಪು ಸಕ್ಕರೆಯ ಆ ವಚನವನ್ನು ಕೊನೆಗೊಳಿಸಿದಾಗ ಗಿರಣಿಗಳು ಒಂದೊಂದಾಗಿ ಮುಚ್ಚಿದರೂ ದೇಶ ಉಳಿಯಿತು, ಏಕೆಂದರೆ ಅಷ್ಟರಲ್ಲಿ ಅದಕ್ಕೆ ಬೇರೆ ಕಾಲುಗಳು ಬಲಿತಿದ್ದವು. ಸಣ್ಣವನಿಗೆ ಕೊಡಬೇಕಾದದ್ದು ಕಾಲಾವಕಾಶ ಎಂದು ನಾವು ಹೇಳುವುದು ಇದನ್ನೇ.

ಹಾಗಾದರೆ ಬಾಗಿಲು ಮುಚ್ಚಿ ಕೂರಬೇಕೆ ಎಂಬುದು ಮೂರನೆಯದು. ನಾವು ಹಾಗೆ ಹೇಳಿದವರಲ್ಲ. ಉಪ್ಪು, ಅಡಕೆ, ಮೆಣಸು, ಬಟ್ಟೆಗಳು ಒಂದು ನಾಡಿನಿಂದ ಇನ್ನೊಂದಕ್ಕೆ ಹೋಗಿಬಂದುದರಿಂದಲೇ ನಾಗರಿಕತೆ ಬೆಳೆಯಿತು. ಲೇಪಾಕ್ಷಿಯ ದೇಗುಲವನ್ನು ಕಟ್ಟಿದ ವಿಜಯನಗರದ ಕಾಲದಲ್ಲಿ ಕುದುರೆಗಳು ಕಡಲು ದಾಟಿ ಬರುತ್ತಿದ್ದವೆಂಬುದನ್ನು ನಾವೇ ತರಗತಿಯಲ್ಲಿ ಪಾಠ ಹೇಳುತ್ತೇವೆ. ಬಾಗಿಲು ಇರಲಿ, ಅಗಳಿಯು ಸಣ್ಣವನ ಕೈಯಲ್ಲಿಯೂ ಇರಲಿ ಎಂಬುದಷ್ಟೇ ನಮ್ಮ ಬೇಡಿಕೆ.

ಈ ಮಾತಿಗೆ ಈಗಲೇ ಅವಸರವೇಕೆಂದರೆ, ಲಂಕೆಯೊಡನೆ ಸರಕಿನ ಜತೆಗೆ ಸೇವೆ, ಬಂಡವಾಳಗಳನ್ನೂ ಸೇರಿಸಿ ವಿಸ್ತಾರವಾದ ಹೊಸ ಒಡಂಬಡಿಕೆಯ ಮಾತುಕತೆ ಬಹುಕಾಲದಿಂದ ನಡೆದುಬಂದಿದೆ. 2008ರಲ್ಲಿ ರುಜುವಿನ ಹೊಸ್ತಿಲಿಗೆ ಬಂದುದು ಅಲ್ಲಿಯ ವರ್ತಕರ ವಿರೋಧದಿಂದ ನಿಂತಿತು. 2016ರಲ್ಲಿ ಬೇರೆ ಹೆಸರಿನಲ್ಲಿ ಆರಂಭವಾಗಿ, ವೈದ್ಯರು ಮೊದಲಾದ ವೃತ್ತಿಯವರ ಭಯದಿಂದ ಕುಂಟಿ, 2018ರಲ್ಲಿ ನಿಂತು, 2023ರಲ್ಲಿ ಮತ್ತೆ ಮೊದಲಾಯಿತು. ನಡುವೆ ನಡೆದುದೇನು? 2022ರಲ್ಲಿ ಲಂಕೆ ಹೊರದೇಶದ ಸಾಲ ತೀರಿಸಲಾರದೆ ಕೈಚೆಲ್ಲಿತು. ಪೆಟ್ರೋಲಿಗೂ ಔಷಧಕ್ಕೂ ಜನ ಸಾಲುಗಟ್ಟಿ ನಿಂತರು. ಆಗ ಭಾರತ ನಾನೂರು ಕೋಟಿ ಡಾಲರುಗಳಷ್ಟು ನೆರವು ನೀಡಿತು. ಇದು ನಾವು ಹೆಮ್ಮೆಪಡಬೇಕಾದ ಕಾರ್ಯ. ಆದರೆ ನಿನ್ನೆ ಸಾಲ ಕೊಟ್ಟವನು ಇಂದು ವ್ಯಾಪಾರದ ಮಾತಿಗೆ ಕುಳಿತಾಗ, ಎದುರು ಕುಳಿತವನ ನಾಲಿಗೆ ಎಷ್ಟು ಸ್ವತಂತ್ರ? ಉಪಕಾರವು ಒಡಂಬಡಿಕೆಯ ಬೆಲೆಯಾದ ದಿನ ಉಪಕಾರವಾಗಿ ಉಳಿಯದು.

ಆದುದರಿಂದ ನಮ್ಮ ಆಗ್ರಹ ನಾಲ್ಕು. ಒಂದು, 1998ರ ಅಸಮಾನ ಪಟ್ಟಿ ಮತ್ತು ಅಸಮಾನ ಅವಧಿಯ ತತ್ತ್ವವನ್ನು ಭಾರತವು ಲಂಕೆ, ಮಾಲ್ಡೀವ್ಸ್, ಮಾರಿಷಸ್ ಮೊದಲಾದ ಎಲ್ಲ ಸಣ್ಣ ನೆರೆಯವರೊಡನೆಯೂ ಬಿಡದೆ ಪಾಲಿಸಬೇಕು. ಎರಡು, ಮೂಲದ ನಿಯಮವನ್ನು ಕಾಗದದ ಚೀಟಿಗೆ ಒಪ್ಪಿಸದೆ ಬಂದರಿನಲ್ಲಿಯೂ ಕಾರ್ಖಾನೆಯಲ್ಲಿಯೂ ಪರೀಕ್ಷಿಸಬೇಕು. ಮೋಸ ಕಂಡಾಗ ವ್ಯಾಪಾರಿಗೆ ದಂಡವೇ ಹೊರತು ದ್ವೀಪಕ್ಕಲ್ಲ. ಮೂರು, ಸಣ್ಣ ದೇಶಕ್ಕೆ ಸಲ್ಲುವ ಕಾಲಾವಕಾಶ ನಮ್ಮೊಳಗಿನ ಸಣ್ಣ ಉತ್ಪಾದಕನಿಗೂ ಸಲ್ಲಬೇಕು. ರೇಷ್ಮೆ, ಎಣ್ಣೆಕಾಳುಗಳ ಸುಂಕವನ್ನು ಒಂದೇ ಇರುಳಿನಲ್ಲಿ ಬದಲಾಯಿಸುವ ಪದ್ಧತಿ ನಿಲ್ಲಬೇಕು. ನಾಲ್ಕು, ಯಾವುದೇ ಒಡಂಬಡಿಕೆಯ ಪಟ್ಟಿಯೂ ಅವಧಿಯೂ ರುಜುವಿಗೆ ಮೊದಲೇ ಕನ್ನಡ, ತೆಲುಗು ಮೊದಲಾದ ದೇಶಭಾಷೆಗಳಲ್ಲಿ ಜನರ ಕೈಗೆ ಸಿಗಬೇಕು.

ಕಡೆಯದು ಅಧ್ಯಾಪಕರಾದ ನಮ್ಮ ಹೊಣೆಯೂ ಹೌದು. ಗೂಡು ಬಿಡಿಸುವ ತಾಯಿಗೂ ಕಾಯಿ ಸುಲಿಯುವ ತಂದೆಗೂ ತಿಳಿಯದ ಭಾಷೆಯಲ್ಲಿ ಅವರ ಬದುಕಿನ ಬೆಲೆ ಬರೆದಿರುವಷ್ಟು ಕಾಲವೂ ಮಾಲ್ಡೀವ್ಸಿನ ಆ ಒಂದು ಗಂಟೆಯ ಸಭೆಗೂ ನಮಗೂ ಹೆಚ್ಚಿನ ವ್ಯತ್ಯಾಸವಿಲ್ಲ. ನಮ್ಮ ಶಾಲೆಗಳಲ್ಲಿ ಶೇಕಡಾವಾರು ಲೆಕ್ಕವನ್ನು ಕಲಿಸುವಾಗ, ಕಲ್ಪನೆಯ ಅಂಗಡಿಯ ಲಾಭನಷ್ಟದ ಬದಲು, 30 ಇದ್ದ ಸುಂಕ 5 ಆದಾಗ ಸಾವಿರ ರೂಪಾಯಿಯ ಹೊರದೇಶದ ನೂಲು ಎಷ್ಟಕ್ಕೆ ಬಂದು ನಿಲ್ಲುತ್ತದೆ ಎಂದು ಹುಡುಗರಿಂದ ಮಾಡಿಸೋಣ. 1300 ಇದ್ದದ್ದು 1050 ಆಯಿತೆಂದು ಅವರೇ ಹೇಳಲಿ. ಆ ಇನ್ನೂರೈವತ್ತು ರೂಪಾಯಿ ಎಲ್ಲಿಗೆ ಹೋಯಿತು, ಯಾರ ಮನೆಯಿಂದ ಹೋಯಿತು ಎಂಬ ಮುಂದಿನ ಪ್ರಶ್ನೆಯನ್ನು ಹಿಂದೂಪುರದ ಹುಡುಗನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಭೂಗೋಳದ ಪಾಠದಲ್ಲಿ ಟುವಾಲುವನ್ನೂ ಲಂಕೆಯನ್ನೂ ತೋರಿಸುವಾಗ ಅಲ್ಲಿಯೂ ಇಂಥದೇ ಲೆಕ್ಕ ಮಾಡುವ ಹುಡುಗರಿದ್ದಾರೆಂದು ಒಂದು ಮಾತು ಸೇರಿಸೋಣ. ಆ ಎರಡು ಲೆಕ್ಕಗಳನ್ನೂ ಒಟ್ಟಿಗೆ ಮಾಡಬಲ್ಲ ಪ್ರಜೆಯೊಬ್ಬ ನಮ್ಮ ತರಗತಿಯಿಂದ ಹೊರಟರೆ, ಮುಂದೆ ಅವನ ಹೆಸರಿನಲ್ಲಿ ರುಜು ಹಾಕುವವರು ಒಂದು ಸಲವಾದರೂ ಕೈ ತಡೆದು ಓದಿಯಾರು.